ಅಗಲದ ಹಾಸಿಗೆ

"ನಾನು ಹೇಳೋದ್ರಲ್ಲಿ ಒಂದಕ್ಷರ ಸುಳ್ಳಿದ್ರೂ ನನ್ನ ಮೀಸೆ ಬೋಳಿಸಿಬಿಡಿ" ಎಂದು ಹಾಸಿಗೆ ಅಂಗಡಿಯವನು ಆಣೆ ಮಾಡಿದ. ಅವನಿಗೆ ಮೀಸೆಯೇ ಇರಲಿಲ್ಲ.

ಹುಡುಗಿಯರ ಹಾಸ್ಟೆಲಿನ ವರಾಂಡದಲ್ಲಿ ಬೆಳಗಿನಿಂದ ಕಾದಿದ್ದ ಅಪ್ಪ ಅಮ್ಮಂದಿರು ಗೊಣಗುತ್ತ ಒಬ್ಬೊಬ್ಬರಾಗಿ ಹೊರಟುಹೋಗಿದ್ದರು. ಉಳಿದವರು ಅವನು, ಅವನ ಮಗಳು, ಮತ್ತೆ ಒಬ್ಬಳೇ ಬಂದಿದ್ದ ದಪ್ಪ ಕನ್ನಡಕದ ಹುಡುಗಿ. ಹಗ್ಗ ಬಿಗಿದ ಹೊಸ ಹಾಸಿಗೆಯೊಂದು ಮನೆಯ ಹಿರಿಯನ ಹಾಗೆ ಇಡೀ ಬೆಂಚು ಹಿಡಿದು ಕೂತಿತ್ತು.

ಮಗಳಿಗೆ ಹೋದ ವರ್ಷ ಕಾಲೇಜು ಸೀಟು ಕೂದಲೆಳೆಯಲ್ಲಿ ತಪ್ಪಿತ್ತು. ಮತ್ತೊಂದು ವರ್ಷ ಓದಿ ಗಿಟ್ಟಿಸಿಕೊಂಡಿದ್ದಳು. ಈಗ ಸೀಟಿದೆ, ಮಲಗಲು ಜಾಗವಿಲ್ಲ. ಊರಿನಿಂದ ದಿನಾ ಓಡಾಡುವಂತಿಲ್ಲ, ಹೊರಗಿನ ಬಾಡಿಗೆ ಕೋಣೆ ಕೈಗೆಟುಕುವಂತಿಲ್ಲ. ಇವತ್ತು ಹಾಸ್ಟೆಲ್ ಸಿಗದಿದ್ದರೆ ಸೀಟು ಬಿಟ್ಟು, ಹಾಸಿಗೆ ಹೊತ್ತು, ಸಂಜೆಯ ಬಸ್ಸು ಹತ್ತಬೇಕು.

"ಮನೆಗೆ ಬನ್ನಿ ಅಂತ ಕರೆದು ಒಳಗಿಂದ ಚಿಲಕ ಹಾಕ್ಕೊಂಡ ಹಾಗಾಯ್ತು" ಎಂದು ಬೆಳಿಗ್ಗೆ ಒಂದು ಸಲ ರೇಗಿದ್ದ. ಮಗಳ ತುಟಿ ನಡುಗಿದ್ದು ಕಂಡ ಮೇಲೆ ರೇಗುವುದನ್ನು ಬಿಟ್ಟು ಕಥೆ ಶುರುಮಾಡಿದ್ದ.

"ಒಬ್ಬ ಪೈಲ್ವಾನ ನಾನು ಮಾಡಿಕೊಟ್ಟ ಹಾಸಿಗೆ ಮೇಲೆ ಮಲಗಿದೋನು ಏಳ್ಲೇ ಇಲ್ಲ. ಬಿಂದಿಗೆಗಟ್ಟಲೆ ನೀರು ಹುಯ್ದ್ರು. ಊಹೂಂ. ಕೊನೆಗೆ ಅವನ ಹೆಂಡ್ತಿ ಹಾಸಿಗೆ ಸಮೇತ ತಳ್ಳುಗಾಡೀಲಿ ಹಾಕ್ಕೊಂಡು ಅಂಗಡಿಗೆ ಬಂದ್ಲು. 'ನಿಮ್ಮ ಹಾಸಿಗೆ ನೀವೇ ಇಟ್ಕೊಳ್ಳಿ, ನನ್ನ ಗಂಡನ್ನ ವಾಪಸ್ ಕೊಡಿ' ಅಂದ್ಲು."

ಕನ್ನಡಕದ ಹುಡುಗಿ ಕಿಸಕ್ಕನೆ ನಕ್ಕಳು. "ಆಮೇಲೆ ಅಂಕಲ್?"

"ನಂಬಬೇಡ ಕಣೇ" ಎಂದಳು ಮಗಳು. "ಹೋದ ಸಲ ಅವನು ಪೈಲ್ವಾನ ಅಲ್ಲ, ಪೋಸ್ಟ್‌ಮ್ಯಾನ್."

"ಅಷ್ಟು ಚೆನ್ನಾಗಿ ನಿದ್ದೆ ಮಾಡಿದ್ನಲ್ಲ, ಮೈ ಬಂತು. ಪೈಲ್ವಾನ ಆದ."

ಅಷ್ಟರಲ್ಲಿ ವಾರ್ಡನ್ ಬಾಗಿಲಿಗೆ ಬಂದರು. ಬೆಳಗಿನಿಂದ ಇಲ್ಲ, ಇಲ್ಲ ಎಂದು ಅವರ ಗಂಟಲೂ ಒಣಗಿತ್ತು. "ಮೇಲಿನ ಮೂಲೆ ಕೋಣೇಲಿ ಒಂದು ಮಂಚ ಖಾಲಿಯಾಯ್ತು. ಒಂದೇ. ಮೊದಲು ಬಂದಿರೋದು ನಿಮ್ಮ ಹುಡುಗಿ."

ಕನ್ನಡಕದ ಹುಡುಗಿ ಬಗ್ಗಿ, ಸರಿಯಾಗಿಯೇ ಇದ್ದ ಚೀಲದ ಪಟ್ಟಿಯನ್ನು ಮತ್ತೆ ಸರಿಮಾಡತೊಡಗಿದಳು.

ವಾರ್ಡನ್ ಕಣ್ಣು ಹಾಸಿಗೆಯ ಮೇಲೆ ಬಿತ್ತು. "ಏನ್ರೀ ಇದು! ಇಲ್ಲಿನ ಮಂಚ ಇದರ ಅರ್ಧ ಅಗಲಾನೂ ಇಲ್ಲ. ಅಳತೆ ತಗೊಳ್ಲಿಲ್ವಾ?"

"ತಗೊಂಡೆ ಮೇಡಂ. ಮಗಳದ್ದು."

ಅವನ ಅಂಗಡಿಯ ಪದ್ಧತಿಯೇ ಅದು. ಮಂಚ ಎಷ್ಟಗಲ ಎಂದು ಕೇಳುವುದಿಲ್ಲ. ಮಲಗುವವರನ್ನೇ ಬಟ್ಟೆಯ ಮೇಲೆ ಮಲಗಿಸಿ, ಕೈಕಾಲು ಹೋದಷ್ಟು ದೂರ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾನೆ. ಮಗಳೋ, ನಿದ್ದೆಯಲ್ಲಿ ಗಡಿಯಾರದ ಮುಳ್ಳಿನ ಹಾಗೆ ಸುತ್ತುವವಳು.

ಮಗಳು ಹಾಸಿಗೆ ನೋಡಿದಳು, ಚೀಲದ ಪಟ್ಟಿ ನೋಡಿದಳು.

"ಮೇಡಂ, ಮಂಚ ಆಚೆ ಹಾಕಿಬಿಟ್ರೆ? ನೆಲದ ಮೇಲೆ ಇದನ್ನ ಹಾಸ್ತೀವಿ. ಇಬ್ಬರಿಗೂ ಆಗುತ್ತೆ" ಎಂದಳು.

"ಕಪಾಟು ಒಂದೇ ಇರೋದು."

"ಸಾಕು ಮೇಡಂ."

ವಾರ್ಡನ್ ಹಾಸಿಗೆಯ ಅಗಲವನ್ನು ಗೇಣಿನಲ್ಲಿ ಅಳೆದು ನೋಡಿದರು. "ರಾತ್ರಿ ಜಗಳ ಆಡ್ಕೊಂಡು ನನ್ನ ಬಾಗಿಲು ತಟ್ಟಬಾರ್ದು, ಅಷ್ಟೇ."

"ಇವಳು ಒದೀತಾಳೆ ಕಣಮ್ಮಾ" ಎಂದು ಅವನು ಕನ್ನಡಕದ ಹುಡುಗಿಗೆ ಮೊದಲೇ ತಿಳಿಸಿದ.

"ನಾನೂ ಒದೀತೀನಿ ಅಂಕಲ್." ನಗಲು ಹೋಗಿ ಅವಳು ಕನ್ನಡಕ ತೆಗೆದು ಒರೆಸಿಕೊಂಡಳು.

ಗಂಡಸರು ಮೆಟ್ಟಿಲು ಹತ್ತುವಂತಿರಲಿಲ್ಲ. ಹುಡುಗಿಯರು ಹಾಸಿಗೆಯ ಆ ತುದಿ ಈ ತುದಿ ಹಿಡಿದು ಎತ್ತಿದರು. ಅವನು ಹಗ್ಗದ ಗಂಟನ್ನು ಮತ್ತೊಮ್ಮೆ ಎಳೆದು ನೋಡಿದ. ಅದು ಬಿಗಿಯಾಗಿಯೇ ಇತ್ತು.

"ತಡೀರೇ, ಕಥೆ ಮುಗಿದಿಲ್ಲ. ನಾನು ಹಾಸಿಗೇದು ಒಂದು ಹೊಲಿಗೆ ಬಿಚ್ಚಿದೆ, ಪೈಲ್ವಾನ ಒಂದು ಕಣ್ಣು ಬಿಟ್ಟ."

"ಬಸ್ಸಿಗೆ ಹೊತ್ತಾಯ್ತು ಅಪ್ಪಾ, ಹೊರಡು. ಅಮ್ಮಂಗೆ ಜಾಗ ಸಿಕ್ತು ಅಂತ ಹೇಳು." ಮಗಳು ಆಗಲೇ ಮೆಟ್ಟಿಲು ಹತ್ತುತ್ತಿದ್ದಳು. "ನಿಧಾನ ಕಣೇ, ನಿನ್ನ ಕಡೆ ಎತ್ತು, ಗೋಡೆಗೆ ತಾಗುತ್ತೆ."

"ಇನ್ನೊಂದು ಹೊಲಿಗೆ ಬಿಚ್ಚಿದೆ" ಎಂದ ಅವನು, ಕತ್ತೆತ್ತಿ. ತಿರುವಿನಲ್ಲಿ ಹಾಸಿಗೆಯ ಹಿಂದಿನ ತುದಿಯಷ್ಟೇ ಕಾಣುತ್ತಿತ್ತು. "ಎರಡೂ ಕಣ್ಣು ಬಿಟ್ಟ. ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡು ಏನಂದ ಗೊತ್ತಾ ಮಗಳೇ? 'ಅಣ್ಣಾ, ಇನ್ನೊಂದು ಸ್ವಲ್ಪ ಹೊತ್ತು ಇಲ್ಲೇ ಇರ್ತೀನಿ.'"