ಹನ್ನೊಂದು ಗಂಟೆಯ ಗ್ರೈಂಡರ್

ಹಗಲು ಹನ್ನೊಂದಕ್ಕೆ ಕರೆಂಟಿನ ದರ ಇಳಿಯುತ್ತದೆಂದು, ಆ ಹೊತ್ತಿಗೆ ಮನೆಯ ಯಂತ್ರಗಳೆಲ್ಲ ತಾವೇ ಶುರುವಾಗುವಂತೆ ಗೋದಾವರಿ ಮೊಬೈಲಿನಲ್ಲಿ ಹೊಂದಿಸಿದ್ದಳು. ಮಗಳು ಸಮನ್ವಿತಾಳನ್ನು ನೋಡಲು ರಾಮಕುಂಜದಿಂದ ಗಂಡಿನ ಕಡೆಯವರು ಬಂದ ಗಡಿಬಿಡಿಯಲ್ಲಿ ಅದು ಮರೆತೇಹೋಗಿತ್ತು. ಬೆಲ್ಲ ನೀರು ಕೊಟ್ಟಾಗಿ, ಎಲ್ಲರೂ ಗಂಭೀರವಾಗಿ ನೆಲ ನೋಡುತ್ತಿದ್ದಾಗ ಹನ್ನೊಂದು ಹೊಡೆಯಿತು. ಅಕ್ಕಿ ತುಂಬಿದ್ದ ಗ್ರೈಂಡರ್ ಗುಡುಗಿತು. ವಾಷಿಂಗ್ ಮೆಷಿನ್ ಕುಣಿಯತೊಡಗಿದ್ದೇ ತಡ, ಅಂಗಳದಂಚಿನ ಸ್ಪ್ರಿಂಕ್ಲರ್ ತಿರುಗಿ ಬಂದವರ ಕಾರನ್ನು ತೋಯಿಸಿತು. ಭೂಮಿ ಬಾಯಿಬಿಡಬಾರದೇ ಅನಿಸಿತು ಗೋದಾವರಿಗೆ.

ಹುಡುಗನ ತಾಯಿ ಮೆಲ್ಲನೆ ತಮ್ಮ ಮೊಬೈಲ್ ತೆಗೆದು ನೋಡಿದರು. "ನಮ್ಮಲ್ಲಿಯೂ ಶುರುವಾಯ್ತು ಮಾರಾಯ್ರೆ. ನಾನು ದೋಸೆಗೆ ಅಕ್ಕಿ ಹಾಕಿಯೇ ಹೊರಟದ್ದು."

ಸಮನ್ವಿತಾ ಕಿಸಕ್ಕೆಂದಳು, ಹುಡುಗನೂ ನಕ್ಕ. ಗೋದಾವರಿಗೆ ಹೋದ ಜೀವ ಬಂತು. ಗ್ರೈಂಡರಿನ ಸದ್ದನ್ನು ಮೀರಿಸಿ ಕೇಳಿದಳು: "ಮದುವೆ ಮುಹೂರ್ತ ಹನ್ನೊಂದು ಕಳೆದು, ಕರೆಂಟಿನ ದರ ಇಳಿದ ಮೇಲೆಯೇ ಇಡುವ, ಅಲ್ವಾ?"