ಮರಿಯಣ್ಣನ ಗಿಟಾರಿಗೆ ಹೊಸ ಬಣ್ಣ

ಮಹಾನವಮಿಯ ಬೆಳಗ್ಗೆ, ಇಬ್ಬನಿ ಆರುವ ಮೊದಲೇ, ಬಾಣಾವರದ ಮರಿಯಣ್ಣ ತನ್ನ ಎಲೆಕ್ಟ್ರಿಕ್ ಗಿಟಾರಿಗೆ ಕೆಂಪು ಬಣ್ಣ ಬಳಿದ. ಐವತ್ತು ವರ್ಷ ಆರ್ಕೆಸ್ಟ್ರಾದಲ್ಲಿ ದುಡಿದ ಗಿಟಾರು. ಅವನ ಬೆರಳು ಈಗ ಮಡಚುತ್ತಿರಲಿಲ್ಲ. ನುಡಿಸುವ ಕೈ ಸೇರಲೆಂದು ಹಳೇ ಗಿಟಾರು ಹುಡುಕುತ್ತಿದ್ದ ಬೆಂಗಳೂರಿನ ವಾದಕಿ ಸಿಂಧುವಿಗೆ ಕೊಡಲು ಒಪ್ಪಿದ್ದ. ಆಯುಧಪೂಜೆಗೆಂದು ಹೊಲ ಉಳುವ ಟಿಲ್ಲರಿಗೆ ಬಳಿದು ಬಣ್ಣ ಉಳಿದಿತ್ತು. ಸವೆದ ಮೈಯಲ್ಲಿ ಕಳಿಸುವುದು ಮರ್ಯಾದೆಯಲ್ಲ.

ಮಧ್ಯಾಹ್ನ ಬಂದ ಸಿಂಧು ಬಗ್ಗಿ ಗಿಟಾರನ್ನು ಸುತ್ತಲೂ ನೋಡಿದಳು. "ಹಳೇ ಬಣ್ಣ ಸವೆದಿದ್ರೇ ಇದಕ್ಕೆ ಬೆಲೆ, ತಾತ!"

"ಸವೆದಿದ್ದೇ ಬೇಕಂದ್ರೆ ನಾನಿಲ್ವೇನವ್ವ? ದನಿಗೇನೂ ಬಳಿದಿಲ್ಲ."

"ನುಡಿಸಿ ನೋಡ್ಲಾ?"

"ಪೂಜೆಗಿಟ್ಟಿದ್ದು ಇವತ್ತು ಮುಟ್ಟಂಗಿಲ್ಲ. ನಾಳೆ ಬಾ."

ಬರುವುದಿಲ್ಲವೆಂದೇ ಮರಿಯಣ್ಣ ಎಣಿಸಿದ್ದ. ಮಾರನೆಯ ಬೆಳಗ್ಗೆ ಬಂದಳು, ಆಂಪ್ಲಿಫೈಯರಿಗೆ ಸಿಕ್ಕಿಸಿ ಒಂದು ತಂತಿ ಮೀಟಿದಳು. ದನಿ ಹಳೆಯದೇ ಇತ್ತು; ಆಮೇಲೆ ಬಣ್ಣದ ಮಾತೆತ್ತಲಿಲ್ಲ. ಅಂದೇ, ವಿಜಯದಶಮಿಯ ಗುರುವಾರ, ಗಿಟಾರನ್ನು ಹೆಗಲಿಗೇರಿಸಿಕೊಂಡು ಸಿಂಧು ರೈಲು ಹತ್ತಿದಳು.