ಹನ್ನೆರಡು ಚೌಕಗಳ ಕುಳ್ಳಿ

ಸಸ್ಯ ವಿಭಾಗದಲ್ಲಿ ಅವಳನ್ನು ಎಲ್ಲರೂ ಎಣಿಕೆಯಕ್ಕ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ಅವಳ ಕೆಲಸ ಒಂದೇ. ಕಟ್ಟಡದ ಹಿಂದಿನ ಬಯಲಿನಲ್ಲಿ ದಾರ ಕಟ್ಟಿ ಗುರುತು ಮಾಡಿದ ಹನ್ನೆರಡು ಚೌಕಗಳಿದ್ದವು. ಅವುಗಳ ಅಂಚಿನೊಳಗೆ ಮಂಡಿಯೂರಿ, ಯಾವ ಗಿಡ ಎಷ್ಟಿದೆ ಎಂದು ಎಣಿಸಿ ಹಾಳೆಯಲ್ಲಿ ಬರೆಯಬೇಕು. ಭಾನುವಾರ ಫೋನ್ ಮಾಡುವ ತಂಗಿ, "ಅಕ್ಕಾ, ಹುಲ್ಲು ಎಣಿಸೋದಕ್ಕೂ ಸಂಬಳ ಕೊಡ್ತಾರಲ್ಲ, ಪುಣ್ಯವಂತೆ ಬಿಡು" ಎಂದು ಕಾಲೆಳೆಯುತ್ತಿದ್ದಳು. ಆ ಫೋನು ನಾಲ್ಕೈದು ನಿಮಿಷದ್ದು. ವಾರದ ಉಳಿದ ಹೊತ್ತೆಲ್ಲ ಅವಳ ಬಾಡಿಗೆ ಕೋಣೆಯಲ್ಲಿ ಸದ್ದು ಮಾಡುತ್ತಿದ್ದುದು ಕುಕ್ಕರ್ ಒಂದೇ.

ಚೌಕಗಳಲ್ಲಿ ಮುಖ್ಯವಾಗಿ ಎರಡು ಗಿಡ. ಸೊಂಟದೆತ್ತರ ಬೆಳೆಯುವ ಹುಲ್ಲಿಗೆ ಅವಳು ಇಟ್ಟ ಹೆಸರು ದೊಡ್ಡಮ್ಮ. ಅದರ ಬುಡದಲ್ಲಿ ಗೇಣುದ್ದವೂ ಆಗದೆ ಹಳದಿ ಹೂ ಬಿಡುವುದು ಕುಳ್ಳಿ. ಎರಡೂ ವರ್ಷಕ್ಕೊಮ್ಮೆ ಸತ್ತು ಬೀಜದಿಂದ ಮತ್ತೆ ಹುಟ್ಟುವಂಥವು. ದೊಡ್ಡ ದೊಡ್ಡ ಲ್ಯಾಟಿನ್ ಹೆಸರು ಹೇಳುತ್ತಿದ್ದ ಪ್ರೊಫೆಸರ್ ಕೂಡ ಕ್ರಮೇಣ ದೊಡ್ಡಮ್ಮ, ಕುಳ್ಳಿ ಎನ್ನತೊಡಗಿದ್ದರು.

"ಎರಡಕ್ಕೂ ಬೇಕಾಗಿರೋದು ಅದೇ ನೀರು, ಅದೇ ಬಿಸಿಲು," ಎಂದು ಅವರು ಒಮ್ಮೆ ವಿವರಿಸಿದ್ದರು. "ನ್ಯಾಯವಾಗಿ ದೊಡ್ಡಮ್ಮ ಇವಳನ್ನ ಎಂದೋ ನುಂಗಿ ನೀರು ಕುಡೀಬೇಕಿತ್ತು. ಕುಡಿದಿಲ್ಲ. ಯಾಕೆ ಗೊತ್ತಾ ಅಕ್ಕ? ಗಿಡಕ್ಕೆ ಪರರಿಗಿಂತ ತನ್ನವರ ಕಾಟವೇ ಜಾಸ್ತಿ. ದೊಡ್ಡಮ್ಮಂದಿರು ಹೆಚ್ಚಾದ್ರೆ ಒಬ್ಬರನ್ನೊಬ್ಬರು ಹಿಂಡ್ತಾರೆ. ಕುಳ್ಳಿ ಕಡಿಮೆ ಆದಳು ಅನ್ನಿ, ಅವಳಿಗೆ ತನ್ನವರ ಕಾಟ ಇಲ್ಲ, ಹಾಗಾಗಿ ಮತ್ತೆ ಏಳ್ತಾಳೆ. ಒಂಟಿಯಾದಷ್ಟೂ ಅನುಕೂಲ."

ಒಂಟಿಯಾದಷ್ಟೂ ಅನುಕೂಲ ಎಂಬ ಮಾತನ್ನು ಎಣಿಕೆಯಕ್ಕ ಅಂದು ಬಸ್ಸಿನುದ್ದಕ್ಕೂ ಮೆಲುಕು ಹಾಕಿದಳು. ಅನುಕೂಲವೇನು ಎಂದು ಅವಳಿಗೆ ಹೊಳೆಯಲಿಲ್ಲ. ಗಿಡದ ವಿಷಯ ಬೇರೆ ಇರಬೇಕು ಎಂದುಕೊಂಡಳು.

ಪ್ರೊಫೆಸರ್ ಹೆಸರು ಮಾಡಿದ್ದು ಈ ಒಂದು ವಾದದಿಂದ, ವಾದ ನಿಂತಿದ್ದು ಅವಳ ಹಾಳೆಗಳ ಮೇಲೆ. ವರ್ಷಕ್ಕೆ ಇನ್ನೂರು, ಇನ್ನೂರಿಪ್ಪತ್ತು, ನೂರ ತೊಂಬತ್ತು: ಕುಳ್ಳಿ ಇಳಿದರೂ ಏಳುತ್ತಿದ್ದಳು.

ಹತ್ತೊಂಬತ್ತನೆಯ ವರ್ಷ ಹಾಳೆ ಕೊಡಲು ಮೂರನೆಯ ಮಹಡಿಗೆ ಹೋದವಳು ಕಿಟಕಿಯಿಂದ ಸುಮ್ಮನೆ ಕೆಳಗೆ ನೋಡಿದಳು. ಹೂವಿನ ಕಾಲ. ಹನ್ನೆರಡು ಚೌಕಗಳಲ್ಲೂ ಹಳದಿ ಒಂದೇ ಕಡೆಗಿತ್ತು, ಗೋಡೆಯ ಕಡೆಯ ಅಂಚಿನಲ್ಲಿ ಎರಡು ಮೊಳ ಅಗಲಕ್ಕೆ. ಉಳಿದೆಡೆಯೆಲ್ಲ ದೊಡ್ಡಮ್ಮನದೇ ದರ್ಬಾರು. ಹಳದಿಯಿದ್ದ ಆ ಪಟ್ಟಿ ಅವಳು ಮಂಡಿಯೂರುವ ಜಾಗ.

ನಿಯಮದ ಪ್ರಕಾರ ಕೂರುವ ಅಂಚನ್ನು ಪ್ರತಿ ವರ್ಷ ಬದಲಿಸಬೇಕಿತ್ತು. ಕೆಲಸಕ್ಕೆ ಸೇರಿದ ಮೂರನೆಯ ವರ್ಷ ಎಡ ಮಂಡಿ ಕೈಕೊಟ್ಟಾಗಿನಿಂದ, ಏಳುವಾಗ ಬಲಗೈಗೆ ಗುರುತಿನ ಕಲ್ಲು ಸಿಗುತ್ತದೆಂದು, ಅವಳು ಗೋಡೆಯ ಕಡೆಗೇ ಕೂರುತ್ತಿದ್ದಳು. ಹಾಳೆಯಲ್ಲಿ 'ಅಂಚು ಬದಲಿಸಿದೆಯೇ?' ಎಂಬಲ್ಲಿ ಪ್ರತಿ ವರ್ಷ 'ಹೌದು' ಎಂದು ಗೀಚುತ್ತಿದ್ದಳು. ಅವಳ ಮಂಡಿ ದೊಡ್ಡಮ್ಮನನ್ನು ನೆಲಕ್ಕೊತ್ತಿದ ಕಡೆ ಮಾತ್ರ ಕುಳ್ಳಿಗೆ ಬಿಸಿಲು ಸಿಕ್ಕಿತ್ತು.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದರೆ ಪ್ರೊಫೆಸರರ ಹತ್ತೊಂಬತ್ತು ವರ್ಷ ಮಣ್ಣುಪಾಲು, ತನಗಾಗಿ ಕಾಯುವ ಒಂದೇ ಜಾಗವೂ ಕೈತಪ್ಪಿದಂತೆ. ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಹೋಗಿ ಹೇಳಿಬಿಟ್ಟಳು.

ಪ್ರೊಫೆಸರ್ ಕಿಟಕಿಗೆ ಹೋಗಿ ಹಳದಿ ಪಟ್ಟಿಗಳನ್ನು ಒಂದೊಂದಾಗಿ ಎಣಿಸಿದರು. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

"ನನ್ನ ನಿವೃತ್ತಿಗೆ ಮೂರು ವರ್ಷ ಇದೆ," ಎಂದರು. "ಹಲಗೆ ಹಾಕಿಸ್ತೀನಿ. ಅದರ ಮೇಲೆ ಕೂತೇ ಎಣಿಸಿ, ಚೌಕದೊಳಗೆ ಕಾಲಿಡಬೇಡಿ. ನನ್ನ ಮಾತು ನಿಜ ಆದ್ರೆ ಕುಳ್ಳಿ ಕಡಿಮೆ ಆದ ಮೇಲೆ ತಾನಾಗೇ ಏಳ್ತಾಳೆ."

ಬಡಗಿ ಬಂದು ನೆಲದಿಂದ ಮೊಳದೆತ್ತರಕ್ಕೆ ಹಲಗೆ ಕೂರಿಸಿದ. ಮೊದಲ ವರ್ಷ ಕುಳ್ಳಿ ಎಂಬತ್ತೆಂಟು. ಎರಡನೆಯ ವರ್ಷ ಹದಿನಾಲ್ಕು. "ಕಡಿಮೆ ಆಗ್ಲಿ, ಕಡಿಮೆ ಆಗ್ಲಿ, ಈಗ ನೋಡಿ," ಎಂದರು ಪ್ರೊಫೆಸರ್. ಅವರ ದನಿಯಲ್ಲಿ ಮೊದಲಿನ ಕಸುವಿರಲಿಲ್ಲ.

ಮೂರನೆಯ ವರ್ಷ ಮೊಳಕೆಯ ಎಣಿಕೆಗೆ ಒಂದೇ ಒಂದು ಸಿಕ್ಕಿತು, ಐದನೆಯ ಚೌಕದಲ್ಲಿ. ನಾಲ್ಕು ಎಲೆ, ಸುತ್ತ ದೊಡ್ಡಮ್ಮನ ಕಾಡು. ಕೆಲಸವಿಲ್ಲದ ದಿನವೂ ಎಣಿಕೆಯಕ್ಕ ಹಲಗೆಯ ಮೇಲೆ ಹೋಗಿ ಕೂರತೊಡಗಿದಳು. ಒಂದು ಮಂಡಿ ಕೆಳಗಿಟ್ಟು ಆ ಹುಲ್ಲನ್ನು ಒತ್ತಿ ಹಿಡಿದಿದ್ದರೆ ಸಾಕಿತ್ತು. ಕುಳ್ಳಿ ಹೂ ಬಿಡುತ್ತಿದ್ದಳು, ಪ್ರೊಫೆಸರ್ ತಲೆಯೆತ್ತಿ ಮನೆಗೆ ಹೋಗುತ್ತಿದ್ದರು, ಚೌಕಗಳೂ ಉಳಿಯುತ್ತಿದ್ದವು. ನೋಡುವವರು ಯಾರೂ ಇರಲಿಲ್ಲ. ಅವಳು ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕೂತಳು. ವರ್ಷ ವರ್ಷ ಸುಳ್ಳು ಗೀಚಿದ ಕೈಗೆ ಇನ್ನೊಂದು ಸುಳ್ಳು ಭಾರವಾಗಿತ್ತು. ಮೊಳಕೆ ದಿನದಿಂದ ದಿನಕ್ಕೆ ಬಿಳಿಚಿಕೊಂಡಿತು, ಆಮೇಲೆ ಬಾಗಿತು, ಒಂದು ಬೆಳಿಗ್ಗೆ ಇರಲಿಲ್ಲ.

ಹೂವಿನ ಎಣಿಕೆಯ ದಿನ ಪ್ರೊಫೆಸರ್ ತಾವೇ ಇಳಿದು ಬಂದು ಹಲಗೆಯ ತುದಿಯಲ್ಲಿ ಕೂತರು. ಅವಳು ಹನ್ನೆರಡು ಚೌಕ ಮುಗಿಸಿ, ಕುಳ್ಳಿಯ ಸಾಲಿನಲ್ಲಿ ಸೊನ್ನೆ ಬರೆದು ಹಾಳೆ ತೋರಿಸಿದಳು.

"ಇಷ್ಟು ವರ್ಷ ಅದನ್ನ ಬದುಕಿಸಿದ್ದು ನನ್ನ ವಾದ ಅಲ್ಲ ಅಕ್ಕ," ಎಂದರು. "ನೀವು. ಹಾಗಂತಲೇ ಬರೀತೀನಿ."

ಒಂದು ಜೀವ ನಿನ್ನಿಂದ ಬದುಕಿತ್ತು ಎಂದು ಅವಳಿಗೆ ಈವರೆಗೆ ಯಾರೂ ಹೇಳಿರಲಿಲ್ಲ. ಕಣ್ಣು ತುಂಬಿ ಬಂತು.

"ಹಾಗಾದ್ರೆ ಸಾಯಿಸಿದ್ದೂ ನಾನೇ ಅಲ್ವಾ ಸರ್?"

"ಪ್ರಯೋಗ ನಂದು. ಪಾಪ ಇದ್ರೆ ಅದೂ ನಂದೇ."

"ಆ ಕೊನೇದನ್ನ ದಿನಾ ನೋಡ್ತಾ ಕೂತಿದ್ದು ನಾನು. ನೀವಲ್ಲ."

ಹಾಳೆಯ ಕೆಳಗೆ ಎಣಿಸಿದವರ ಸಹಿಗೆ ಜಾಗವಿತ್ತು. ಅವಳು ಪೆನ್ನು ಒರೆಸಿಕೊಂಡು ಸಹಿ ಹಾಕಿದಳು.